ಎಲೆ ಎತ್ತುವ ಮೊದಲು

(ಮಡಿಕೇರಿಯಲ್ಲಿ ಓದುಗರ ಚಿಕ್ಕ ಬಳಗವೊಂದರ ಮುಂದೆ ಭವಿಷ್ಯ ಕೇಳಲು ಎತ್ತುವ ಚಿತ್ರದ ಎಲೆಗಳಾದ ಒರಾಕಲ್ ಕಾರ್ಡುಗಳನ್ನು ಕುರಿತು ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲಿಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಮೂರು ವಸ್ತುಗಳಿವೆ. ಮೊದಲನೆಯದು ಅಂಗಡಿಯಿಂದ ಕೊಂಡು ತಂದ ಒರಾಕಲ್ ಕಟ್ಟು. ಪೆಟ್ಟಿಗೆಯ ಮೇಲೆ 44 ಎಲೆಗಳು ಎಂದು ಅಚ್ಚಾಗಿದ್ದರೂ ಈಗ ಒಳಗಿರುವುದು 43. ಎರಡನೆಯದು ಬಿಸ್ಕತ್ತಿನ ಡಬ್ಬಿ. ಅದರಲ್ಲಿ ನಾನೇ ರಟ್ಟು ಕತ್ತರಿಸಿ, ಚಿತ್ರ ಬರೆದುಕೊಂಡ 36 ಎಲೆಗಳಿವೆ. ಮೂರನೆಯದು ನನ್ನ ದೊಡ್ಡಪ್ಪನ ಮಳೆ ಪುಸ್ತಕ. ಕಾರ್ಡುಗಳ ಬಗ್ಗೆ ಮಾತನಾಡಲು ಬಂದವಳು ಮಳೆ ಪುಸ್ತಕವನ್ನೇಕೆ ಹೊತ್ತು ತಂದಿದ್ದಾಳೆ ಎಂದು ಮುಂದಿನ ಸಾಲಿನಲ್ಲಿ ಕುಳಿತವರೊಬ್ಬರು ಆಗಲೇ ಕೇಳಿದರು. ಇಂದು ನಾನು ಹೇಳಬೇಕೆಂದಿರುವುದರಲ್ಲಿ ಅರ್ಧ ಪಾಲು ಆ ಪುಸ್ತಕದಿಂದಲೇ ಕಲಿತದ್ದಾದ್ದರಿಂದ, ಅದಕ್ಕೆ ಸ್ವಲ್ಪ ಹೊತ್ತಿನ ಮೇಲೆ ಬರುತ್ತೇನೆ.

ಮೊದಲು ವಸ್ತುವಿನ ಪರಿಚಯವಾಗಲಿ. ಟ್ಯಾರೋ ಮತ್ತು ಒರಾಕಲ್ ಎರಡೂ ಒಂದೇ ಎಂದು ತಿಳಿದವರು ಬಹಳ ಮಂದಿ. ಟ್ಯಾರೋ ಕಟ್ಟಿಗೆ ಬಿಗಿಯಾದ ಲೆಕ್ಕವಿದೆ: ಒಟ್ಟು 78 ಎಲೆಗಳು, ಅವುಗಳಲ್ಲಿ 22 ದೊಡ್ಡ ಎಲೆಗಳು, ಉಳಿದ 56 ಎಲೆಗಳು ಕೋಲು, ಬಟ್ಟಲು, ಕತ್ತಿ, ನಾಣ್ಯ ಎಂಬ ನಾಲ್ಕು ಜಾತಿಗಳಲ್ಲಿ ಹಂಚಿಕೊಂಡಂಥವು. ಲಂಡನ್ನಿನಲ್ಲಿ 1909ರಲ್ಲಿ ಆರ್ಥರ್ ಎಡ್ವರ್ಡ್ ವೇಟ್ ಅವರ ಯೋಜನೆಗೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದುಕೊಟ್ಟ ಚಿತ್ರಗಳನ್ನೇ ಇಂದಿನ ಎಷ್ಟೋ ಟ್ಯಾರೋ ಕಟ್ಟುಗಳು ಅನುಸರಿಸುತ್ತವೆ. ಒರಾಕಲ್ ಕಟ್ಟಿಗೆ ಇಂಥ ಯಾವ ಕಟ್ಟಳೆಯೂ ಇಲ್ಲ. ಮೂವತ್ತು ಎಲೆಗಳಿರಬಹುದು, ಅರವತ್ತಿರಬಹುದು. ಹೂವುಗಳ ಕಟ್ಟು, ಪ್ರಾಣಿಗಳ ಕಟ್ಟು, ಚಂದ್ರನ ಕಲೆಗಳ ಕಟ್ಟು, ಬರೀ ಒಂದೊಂದು ಪದವಿರುವ ಕಟ್ಟು ಹೀಗೆ ಮಾಡುವವರ ಮನಸ್ಸಿಗೆ ಬಂದಂತೆ. ಜೊತೆಗೆ ಒಂದು ಕಿರುಪುಸ್ತಕ ಬರುತ್ತದೆ. ಯಾವ ಎಲೆ ಬಂದರೆ ಏನು ಅರ್ಥ ಎಂದು ಅದರಲ್ಲಿ ಬರೆದಿರುತ್ತದೆ. ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲ ಎಂಬುದೇ ಇದರ ಆಕರ್ಷಣೆ. ಅದೇ ಇದರ ಅಪಾಯವೂ ಹೌದು, ಏಕೆಂದರೆ ಯಾವ ಪರಂಪರೆಯೂ ಹಿಂದೆ ನಿಂತು ‘ಹಾಗಲ್ಲ’ ಎಂದು ತಿದ್ದುವುದಿಲ್ಲ.

ಇವೆಲ್ಲ ಬಹಳ ಪುರಾತನವಾದ ವಿದ್ಯೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ನಂಬಬೇಡಿ. ಟ್ಯಾರೋ ಹುಟ್ಟಿದ್ದು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ, ಶ್ರೀಮಂತರ ಮನೆಗಳ ಆಟವಾಗಿ. ನಾವು ಇಸ್ಪೀಟಿನಲ್ಲಿ ತುರುಫು ಹೊಡೆಯುವ ಹಾಗೆ ಅದರಲ್ಲಿಯೂ ದೊಡ್ಡ ಎಲೆಯಿಂದ ಚಿಕ್ಕ ಎಲೆಯನ್ನು ಹೊಡೆಯುತ್ತಿದ್ದರು. ಮುನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1781ರಲ್ಲಿ, ಕೂರ್ ದ ಜೆಬೆಲಿನ್ ಎಂಬ ಫ್ರೆಂಚ್ ವಿದ್ವಾಂಸರು ಈ ಎಲೆಗಳು ಪ್ರಾಚೀನ ಈಜಿಪ್ಟಿನ ಜ್ಞಾನಭಂಡಾರವೆಂದು ಆಧಾರವಿಲ್ಲದೆ ಬರೆದರು. ತನ್ನ ಹೆಸರನ್ನು ಹಿಂದುಮುಂದಾಗಿ ಬರೆದು ‘ಎಟಿಲ್ಲಾ’ ಎಂದಾಗಿದ್ದ ಪ್ಯಾರಿಸ್ಸಿನ ಅಲಿಯೆಟ್ ಎಂಬಾತ ಅದರ ಬೆನ್ನಿಗೇ ಟ್ಯಾರೋ ಎಲೆಗಳಿಂದ ಭವಿಷ್ಯ ಹೇಳುವ ಪುಸ್ತಕಗಳನ್ನೂ ಎಲೆಗಳನ್ನೂ ಮಾರತೊಡಗಿದ. ಹೆಸರನ್ನು ತಿರುಗಿಸಿದರೆ ತೂಕ ಬರುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಲೆನಾರ್ಮಾಂಡ್ ಕಾರ್ಡುಗಳೆಂದು ಹೆಸರಾದ 36 ಎಲೆಗಳ ಕಥೆ ಇನ್ನೂ ಸೊಗಸಾಗಿದೆ. ನೆಪೋಲಿಯನ್ನನ ಕಾಲದ ಪ್ಯಾರಿಸ್ಸಿನಲ್ಲಿ ಭವಿಷ್ಯ ಹೇಳಿ ಪ್ರಸಿದ್ಧಳಾಗಿದ್ದ ಲೆನಾರ್ಮಾಂಡ್ 1843ರಲ್ಲಿ ತೀರಿಕೊಂಡ ಮೇಲೆ ಆಕೆಯ ಹೆಸರನ್ನು ಈ ಎಲೆಗಳಿಗೆ ಅಂಟಿಸಲಾಯಿತು. ಆ ಎಲೆಗಳ ಮೂಲವಾದರೋ 1800ರ ಆಸುಪಾಸಿನಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಯೋಹಾನ್ ಕಾಸ್ಪರ್ ಹೆಕ್ಟೆಲ್ ಮಾಡಿದ ಒಂದು ಮನೆಯಾಟ. ಎಲೆಗಳನ್ನು ಆರು ಸಾಲು ಆರು ಕಂಬವಾಗಿ ಹಾಸಿ, ದಾಳ ಉರುಳಿಸಿ, ಕಾಯಿ ನಡೆಸುವ ಆಟ ಅದು, ನಮ್ಮ ಹಾವು ಏಣಿಯ ಹಾಗೆ.

ನಮ್ಮಲ್ಲಿಯೂ ಚಿತ್ರದ ಎಲೆಗಳಿಗೆ ಬರವಿರಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳ ಬಗೆಬಗೆಯ ಆಟಗಳನ್ನು ರೂಪಿಸಿದರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರಗಳಿವೆ. ದಶಾವತಾರ ಗಂಜೀಫಾದಲ್ಲಿ 120 ಗುಂಡನೆಯ ಎಲೆಗಳು, ಅವತಾರಕ್ಕೆ ಹನ್ನೆರಡರಂತೆ. ದೇವರ ಚಿತ್ರವಿದ್ದ ಎಲೆಗಳು ನಮಗೆ ಆಟದ ಎಲೆಗಳಾಗಿಯೇ ಪರಿಚಿತವಾಗಿರುವಾಗ, ಅಲ್ಲಿ ಆಟಕ್ಕೆಂದು ಹುಟ್ಟಿದ ಎಲೆಗಳು ದೈವವಾಣಿಯಾಗಿ ತಿರುಗಿ ನಮ್ಮ ಕೈಗೆ ಬಂದಿವೆ. ಇಷ್ಟಾಗಿಯೂ ಎಲೆಯಿಂದ ಭವಿಷ್ಯ ಎಂಬುದು ನಾವು ಕಾಣದ್ದೇನೂ ಅಲ್ಲ. ಗಿಳಿಶಾಸ್ತ್ರದವರ 27 ಎಲೆಗಳನ್ನು, ನಕ್ಷತ್ರಕ್ಕೊಂದರಂತೆ ಇರುವ ಆ ಕಟ್ಟನ್ನು, ಸಂತೆಯಲ್ಲಿಯೋ ಜಾತ್ರೆಯಲ್ಲಿಯೋ ನೋಡಿದವರು ಇಲ್ಲಿಯೂ ಇದ್ದೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಡುವಂತಿಲ್ಲವಾದ್ದರಿಂದ ಆ ನೋಟ ಅಪರೂಪವಾಗಿದೆ. ಗಿಳಿಗೆ ಬಿಡುಗಡೆಯಾಯಿತು, ಎಲೆ ಎತ್ತುವ ಕೆಲಸ ನಮ್ಮ ಕೈಗೇ ಬಂತು.

ಕನ್ನಡದಲ್ಲಿ ‘ಕಣಿ’ ಎಂಬ ಮಾತಿದೆ. ಕಾಣು, ಕಣ್ಣು ಎಂಬ ಮಾತುಗಳ ಬಳಗಕ್ಕೆ ಸೇರಿದ್ದು ಅದು. ಕಣಿ ಎಂದರೆ ಮೊದಲು ನೋಟ, ಆಮೇಲೆ ಕಂಡದ್ದನ್ನು ಹೇಳುವುದು. ವಿಷುವಿನ ಬೆಳಿಗ್ಗೆ ಕಣ್ಣು ಬಿಡುತ್ತಲೇ ನೋಡುವುದೂ ಕಣಿಯೇ, ಕೊರವಂಜಿ ಬುಟ್ಟಿ ಇಳಿಸಿ ಕೈ ನೋಡಿ ಹೇಳುವುದೂ ಕಣಿಯೇ. ಈ ಮಾತನ್ನು ನಾನು ಬಹಳ ಇಷ್ಟಪಡುತ್ತೇನೆ. ಮುಂದಾಗುವುದು ಎಂಬ ಅರ್ಥಕ್ಕಿಂತ ಮೊದಲು ಎದುರಿಗಿರುವುದನ್ನು ನೋಡುವುದು ಎಂಬ ಅರ್ಥ ಅದರಲ್ಲಿದೆ.

ಇಲ್ಲಿ ಒಬ್ಬರು ಎದ್ದು ನಿಂತು ಕೇಳಿದರು: “ಹಾಗಾದರೆ ದೇವರ ಮುಂದೆ ಹೂ ಪ್ರಸಾದ ಕೇಳುವುದೂ, ಪುತ್ತರಿಯ ಸುಗ್ಗಿ ಹಬ್ಬಕ್ಕೆ ದಿನ ಇಡುವುದೂ, ನಿಮ್ಮ ಎಲೆ ಎತ್ತುವುದೂ ಒಂದೇ ಎನ್ನುತ್ತೀರಾ?”

ಒಂದೇ ಎನ್ನುವುದಿಲ್ಲ, ಮತ್ತು ಈ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಪುತ್ತರಿಯ ಮುಹೂರ್ತವನ್ನು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಅಮ್ಮಂಗೇರಿ ಜ್ಯೋತಿಷಿಗಳು ನಿಶ್ಚಯಿಸುತ್ತಾರೆ. ಮರದ ಎಲೆಗಳ ಕಟ್ಟಾದ ‘ನೆರೆ’ಯನ್ನು ಕಟ್ಟುವ ಹೊತ್ತು, ಕದಿರು ತೆಗೆಯುವ ಹೊತ್ತು, ಊಟದ ಹೊತ್ತು ಎಲ್ಲವೂ ಅಲ್ಲಿ ಗೊತ್ತಾಗುತ್ತವೆ. ಅದು ಹುಣ್ಣಿಮೆಯನ್ನೂ ನಕ್ಷತ್ರವನ್ನೂ ಹಿಡಿದು ಹಾಕುವ ಲೆಕ್ಕ. ಲೆಕ್ಕ ಹಾಕಿದವರ ಹೆಸರು ಎಲ್ಲರಿಗೂ ಗೊತ್ತು, ಹೊತ್ತು ಪತ್ರಿಕೆಯಲ್ಲಿ ಬರುತ್ತದೆ, ಆ ರಾತ್ರಿ ಊರೂರಿನಲ್ಲಿ ಕೋವಿಯ ಸದ್ದಿನೊಂದಿಗೆ ಗದ್ದೆಗಿಳಿಯುವವರು ಸಾವಿರಾರು ಮಂದಿ. ಅಲ್ಲಿ ಯಾರಿಗೂ ತನಗೆ ಬೇಕಾದಂತೆ ಅರ್ಥ ತಿರುಚುವ ಅವಕಾಶವಿಲ್ಲ. ಹೂ ಪ್ರಸಾದದಲ್ಲಿಯೂ ಹಾಗೆಯೇ: ಬಲಕ್ಕೆ ಬಿದ್ದರೆ ಬಲಕ್ಕೇ ಬಿದ್ದಂತೆ, ನೋಡುವವರು ಹತ್ತು ಮಂದಿ ಇರುತ್ತಾರೆ. ಕಾರ್ಡಿನವಳು ಬಾಗಿಲು ಹಾಕಿಕೊಂಡು ಒಬ್ಬಳೇ ಕುಳಿತು ಎತ್ತುತ್ತಾಳೆ. ಹಿಡಿಸದಿದ್ದರೆ ‘ಸರಿಯಾಗಿ ಕಲಸಲಿಲ್ಲ’ ಎಂದು ಮತ್ತೊಮ್ಮೆ ಎತ್ತುತ್ತಾಳೆ. ನಾನೂ ಎತ್ತಿದ್ದೇನೆ. ಸಾಕ್ಷಿಯಿಲ್ಲದ ಕಡೆ ಮನಸ್ಸು ತನಗೆ ಬೇಕಾದ ತೀರ್ಪನ್ನು ಬರೆದುಕೊಳ್ಳುತ್ತದೆ. ಆದ್ದರಿಂದ ಎಲೆ ಎತ್ತುವವರಿಗೆ ಹೊರಗಿನ ಒಂದು ಸಾಕ್ಷಿ ಬೇಕು. ಆ ಸಾಕ್ಷಿಯೇ ಎತ್ತಿದ್ದನ್ನೂ ತೋಚಿದ್ದನ್ನೂ ಬರೆದಿಡುವ ಪುಸ್ತಕ.

ಇನ್ನು 44 ಎಲೆಗಳು 43 ಆದ ಕಥೆ. ಕೆಲವು ವರ್ಷಗಳ ಹಿಂದೆ ಕಕ್ಕಡ ತಿಂಗಳ ಮಳೆಯ ನಡುವೆ, ಕರೆಂಟಿಲ್ಲದ ಒಂದು ವಾರ, ನಾನು ದಿನಕ್ಕೊಂದು ಎಲೆ ಎತ್ತುತ್ತಿದ್ದೆ. ಸೋಮವಾರ ‘ಸೇತುವೆ’ ಬಂತು. ಬುಧವಾರ ಮತ್ತೆ ಸೇತುವೆ. ಶುಕ್ರವಾರ ಕಣ್ಣು ಮುಚ್ಚಿ ಕಲಸಿ, ಕಟ್ಟನ್ನು ಎರಡು ಪಾಲು ಮಾಡಿ ಎತ್ತಿದರೆ ಮತ್ತೆ ಅದೇ. ಆ ದಿನಗಳಲ್ಲಿ ನನಗೂ ನನ್ನ ಅಕ್ಕನಿಗೂ ಅಜ್ಜಿಯ ಒಂದು ಜೊತೆ ಬಳೆಯ ವಿಷಯದಲ್ಲಿ ಮಾತು ನಿಂತು ಏಳು ತಿಂಗಳಾಗಿತ್ತು. ಮೂರನೆಯ ಸಲ ಆ ಚಿತ್ರ ಕಂಡಾಗ ಮೈ ಜುಮ್ಮೆಂದಿತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಪುಸ್ತಕ ತೆಗೆದು, ‘ಬಳೆ ನನಗೆ ಬೇಕಾಗಿಯೇ ಇಲ್ಲ, ಅಜ್ಜಿ ಅದನ್ನು ನನ್ನ ಕೈಗೆ ಕೊಟ್ಟು ಹೋಗಲಿಲ್ಲವಲ್ಲ ಎಂಬುದು ಚುಚ್ಚುತ್ತಿದೆ’ ಎಂದು ಬರೆದೆ. ಭಾನುವಾರ ಬೆಳಿಗ್ಗೆ ಎಲೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದಾಗ ಸಂಗತಿ ತಿಳಿಯಿತು. ಮಳೆಗಾಲದ ಥಂಡಿಗೆ ಎಲೆಗಳು ಊದಿಕೊಂಡಿದ್ದವು, ಎರಡು ಮೂರರ ಅಂಚಿನಲ್ಲಿ ಬೂಷ್ಟು ಹಿಡಿದಿತ್ತು, ಸೇತುವೆಯ ಎಲೆ ಮಾತ್ರ ಬಿಲ್ಲಿನ ಹಾಗೆ ಬಾಗಿ ನಿಂತಿತ್ತು. ಬಾಗಿದ ಎಲೆ ಇದ್ದಲ್ಲಿ ಕಟ್ಟಿನಲ್ಲಿ ಒಂದು ಸಂದು ಬೀಳುತ್ತದೆ. ಪಾಲು ಮಾಡಲು ಹೋದ ಬೆರಳು ತನ್ನಷ್ಟಕ್ಕೆ ಆ ಸಂದಿನಲ್ಲಿಯೇ ಇಳಿಯುತ್ತದೆ. ಹಳೆಯ ಇಸ್ಪೀಟಾಟಗಾರರಿಗೆ ಇದು ಚೆನ್ನಾಗಿ ಗೊತ್ತು.

ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು. ಆಮೇಲೆ ಇನ್ನೊಂದು ವಿಚಾರ ಹೊಳೆಯಿತು. ಸೇತುವೆ ಮೂರು ಸಲ ಬಂದದ್ದಕ್ಕೆ ಕಾರಣ ಥಂಡಿ. ಆದರೆ ಪುಸ್ತಕದಲ್ಲಿ ನಾನು ಬರೆದ ವಾಕ್ಯಕ್ಕೆ ಥಂಡಿ ಕಾರಣವಲ್ಲ. ಅದು ಏಳು ತಿಂಗಳಿಂದ ನನ್ನೊಳಗೇ ಇತ್ತು. ಎಲೆ ಹೇಗೆ ಬಂತು ಎಂಬುದೂ, ಅದನ್ನು ನೋಡಿ ನನಗೆ ಏನು ತೋಚಿತು ಎಂಬುದೂ ಬೇರೆಬೇರೆ ಪ್ರಶ್ನೆಗಳು. ಭವಿಷ್ಯ ಹೇಳುವವರು ಮೊದಲನೆಯದರ ಮೇಲೆ ವ್ಯಾಪಾರ ಮಾಡುತ್ತಾರೆ; ನನಗೆ ಕೆಲಸಕ್ಕೆ ಬಂದದ್ದು ಎರಡನೆಯದು ಮಾತ್ರ.

ಎಲೆ ಬಾಗದಿದ್ದರೂ ಇಂಥ ಪವಾಡಗಳು ಆಗುತ್ತಲೇ ಇರುತ್ತವೆ. ಲೆಕ್ಕ ಹಾಕಿ ನೋಡಿ. 44 ಎಲೆಗಳ ಕಟ್ಟಿನಿಂದ ದಿನಕ್ಕೊಂದರಂತೆ ಎತ್ತಿ, ಮತ್ತೆ ಕಟ್ಟಿಗೇ ಸೇರಿಸಿ ಚೆನ್ನಾಗಿ ಕಲಸುತ್ತಾ ಹೋದರೆ, ಒಂಬತ್ತು ದಿನಗಳೊಳಗೆ ಯಾವುದೋ ಒಂದು ಎಲೆ ಎರಡನೆಯ ಸಲ ಬಂದಿರುವ ಸಂಭವ ಅರ್ಧಕ್ಕಿಂತ ಹೆಚ್ಚು. ನಿನ್ನೆಯ ಎಲೆಯೇ ಇಂದು ಬರುವ ಸಂಭವ 44ರಲ್ಲಿ ಒಂದು ಪಾಲು ಮಾತ್ರ; ಆದರೂ ಮೂವತ್ತು ದಿನಗಳ ತಿಂಗಳಲ್ಲಿ ಅಂಥದ್ದು ಒಮ್ಮೆಯಾದರೂ ಆಗುವ ಸಂಭವ ಹೆಚ್ಚುಕಡಿಮೆ ಅರ್ಧದಷ್ಟಿದೆ. ಚೆನ್ನಾಗಿ ಕಲಸುವುದೂ ನಾವು ತಿಳಿದಷ್ಟು ಸುಲಭವಲ್ಲ. 52 ಎಲೆಗಳ ಇಸ್ಪೀಟ್ ಕಟ್ಟನ್ನು ಎರಡು ಪಾಲು ಮಾಡಿ, ತುದಿಗಳನ್ನು ಪರಪರನೆ ಬಿಟ್ಟು ಒಂದರೊಳಗೊಂದು ಸೇರಿಸಿ ಕಲಸಿದರೂ ಏಳು ಸಲ ಕಲಸಬೇಕು ಎಂದು ಗಣಿತಜ್ಞರು 1992ರಲ್ಲಿ ತೋರಿಸಿದರು. ಒರಾಕಲ್ ಎಲೆಗಳು ಅಂಗೈಗಿಂತ ದೊಡ್ಡವಾಗಿರುವುದರಿಂದ ನಾವು ಅವನ್ನು ಗುಪ್ಪೆಗುಪ್ಪೆಯಾಗಿ ಮೇಲೆ ಕೆಳಗೆ ಮಾಡುತ್ತೇವಷ್ಟೆ. ಆ ಕ್ರಮದಲ್ಲಿ ನಿಜವಾಗಿ ಬೆರೆಯಬೇಕಾದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕಲಸಬೇಕು. ನಿನ್ನೆಯ ಎಲೆ ಮತ್ತೆ ಮೇಲೆದ್ದು ಬರುವುದರಲ್ಲಿ ಆಶ್ಚರ್ಯವೇನಿದೆ?

ಎಲೆ ಬಂದದ್ದು ಹೀಗೆ. ಅದರ ಮಾತು ನಮಗೇ ಹೇಳಿದಂತೆ ತೋರುವುದೇಕೆ? ಇದಕ್ಕೆ ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲಿ ಮಾಡಿದ ಒಂದು ಪ್ರಯೋಗವನ್ನು ಹೇಳಬೇಕು. ಅವರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಒಂದು ವಾರದ ಮೇಲೆ ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವರ್ಣನೆಯೆಂದು ಒಂದೊಂದು ಹಾಳೆ ಹಂಚಿದರು. ಎಷ್ಟು ಹೊಂದುತ್ತದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದಾಗ ಬಂದ ಸರಾಸರಿ 4.26. ಆಮೇಲೆ ನೋಡಿದರೆ ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ, ಅದೂ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡ ಸಾಲುಗಳು. ಒರಾಕಲ್ ಕಟ್ಟಿನೊಂದಿಗೆ ಬರುವ ಕಿರುಪುಸ್ತಕವನ್ನು ಈ ಕಣ್ಣಿನಿಂದ ಓದಿ. ‘ನೀವು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ದಣಿದಿದ್ದೀರಿ’ ಎಂಬಂಥ ಸಾಲು ಬೋನಸ್ಸಿಗೆ ಕಾದಿರುವ ಗುಮಾಸ್ತರಿಗೂ ಹೊಂದುತ್ತದೆ, ಹಸುಗೂಸಿನ ತಾಯಿಗೂ ಹೊಂದುತ್ತದೆ, ಮುಖ್ಯಮಂತ್ರಿಗಳಿಗೂ ಹೊಂದುತ್ತದೆ. ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ನೀವು ಎಲೆ ಎತ್ತಿ; ನಿಮ್ಮ ಗೆಳತಿ ಕಿರುಪುಸ್ತಕದಿಂದ ಅದೇ ಎಲೆಯ ಅರ್ಥವನ್ನೋ, ಬೇರೆ ಯಾವುದೋ ಎಲೆಯ ಅರ್ಥವನ್ನೋ, ಯಾವುದೆಂದು ಹೇಳದೆ ಓದಲಿ. ಎಷ್ಟು ಹೊಂದಿತು ಎಂದು ನೀವು ಅಂಕ ಕೊಡಿ. ನಾನೂ ನನ್ನ ಗೆಳತಿಯೂ ಒಂದು ಮಧ್ಯಾಹ್ನವೆಲ್ಲ ಹೀಗೆ ಆಡಿದೆವು. ಅತಿ ಹೆಚ್ಚು ಅಂಕ ಸಿಕ್ಕಿದ್ದು ನಾನು ಎತ್ತದೇ ಇದ್ದ ಎಲೆಯ ಅರ್ಥಕ್ಕೆ. ಅಂದಿನಿಂದ ಆ ಕಿರುಪುಸ್ತಕ ಪೆಟ್ಟಿಗೆಯ ತಳದಲ್ಲಿದೆ. ಅದನ್ನು ಓದದೆ ಚಿತ್ರವನ್ನಷ್ಟೇ ನೋಡುವುದು ಲೇಸು ಎಂದು ನನ್ನ ಅಭಿಪ್ರಾಯ.

ಹಾಗಾದರೆ ಪ್ರಯೋಜನವೇನು ಎಂದು ಕೇಳುವವರಿಗೆ ನಮ್ಮ ಮನೆಯ ಒಂದು ಸಂಜೆಯನ್ನು ಹೇಳುತ್ತೇನೆ. ಚಿಕ್ಕಪ್ಪನ ಮಗ ಫೆಬ್ರವರಿಯಲ್ಲಿ ಕಾಫಿ ಹಣ್ಣನ್ನು ಒಣಗಿಸಿ, ಆ ಚೆರಿಯನ್ನು ಮೂಟೆ ಕಟ್ಟಿ, ನಮ್ಮ ಮನೆಗೆ ಬಂದವನು ಕುಳಿತ ಕೂಡಲೇ ಕೇಳಿದ: “ಅಕ್ಕಾ, ನಿನ್ನ ಎಲೆ ಹೇಳಲಿ ನೋಡುವ, ಚೆರಿ ಈಗ ಕೊಡಲೋ, ಮಳೆ ಹಿಡಿಯುವ ತನಕ ಇಟ್ಟುಕೊಳ್ಳಲೋ?”

“ಲಂಡನ್ ಮಾರ್ಕೆಟ್ಟು ಈ ಡಬ್ಬಿಯೊಳಗಿಲ್ಲ ಮಾರಾಯ,” ಎಂದೆ.

ತಮಾಷೆಗೆ ಹೇಳಿದ್ದಲ್ಲ. ರೊಬಸ್ಟಾದ ಬೆಲೆ ಲಂಡನ್ನಿನ ವಾಯಿದೆ ಪೇಟೆಯನ್ನೂ, ಅರೇಬಿಕಾದ ಬೆಲೆ ನ್ಯೂಯಾರ್ಕಿನದನ್ನೂ ಅನುಸರಿಸುತ್ತದೆ. ಬ್ರೆಜಿಲಿನ ಹಿಮ, ವಿಯೆಟ್ನಾಮಿನ ಬರ ಎರಡೂ ನಮ್ಮ ಮೂಟೆಯ ಮೇಲೆ ಬಂದು ಕುಳಿತುಕೊಳ್ಳುತ್ತವೆ. ಇದು ರಟ್ಟಿನ ತುಂಡಿಗೆ ಹೇಗೆ ತಿಳಿಯಬೇಕು? ಪ್ರಶ್ನೆಯನ್ನು ಬದಲಿಸಿ ಬರೆ ಎಂದು ಅವನ ಕೈಗೆ ಪೆನ್ನು ಕೊಟ್ಟೆ. ಎರಡು ಸಲ ಬರೆದು ಹೊಡೆದುಹಾಕಿ, ಮೂರನೆಯ ಸಲ ಬರೆದ: ‘ಮಾರುವುದಕ್ಕೆ ನನಗೆ ಯಾಕೆ ಇಷ್ಟು ಅವಸರ?’ ನನ್ನ ರಟ್ಟಿನ ಕಟ್ಟಿನಿಂದ ಅವನು ಎತ್ತಿದ ಎಲೆ ‘ಜಿಗಣೆ’. ಮೊದಲು ನಕ್ಕ. ಜಿಗಣೆಯ ಬಗ್ಗೆ ನಮ್ಮಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ: ಹತ್ತಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೆ ರಕ್ತ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿದವನು, ಹೆಂಡತಿಯ ತವರಿನಿಂದ ಕೈಸಾಲ ತಂದದ್ದನ್ನೂ, ಬಡ್ಡಿಯಿಲ್ಲದ ಆ ಸಾಲಕ್ಕೆ ಪ್ರತಿ ಮದುವೆಮನೆಯಲ್ಲಿಯೂ ಅವಳು ಒಂದೊಂದು ಮಾತು ಕೇಳಬೇಕಾಗಿ ಬಂದದ್ದನ್ನೂ ಹೇಳಿದ. ಅದನ್ನು ಅವನು ಅದುವರೆಗೆ ಯಾರ ಬಳಿಯೂ ಹೇಳಿರಲಿಲ್ಲ. ಆ ಸಾಲ ತೀರುವಷ್ಟು ಮೂಟೆ ಮಾರಿ, ಉಳಿದದ್ದನ್ನು ಇಟ್ಟುಕೊಂಡ. ಆಮೇಲೆ ಬೆಲೆ ಏರಿತೋ ಇಳಿಯಿತೋ ಎಂದು ನನ್ನನ್ನು ಕೇಳಬೇಡಿ. ಅವನು ಬರೆದ ಪ್ರಶ್ನೆಯಲ್ಲಿ ಬೆಲೆ ಇರಲಿಲ್ಲ.

ಎಲೆ ಇಲ್ಲದಿದ್ದರೂ ಅವನು ಇದನ್ನು ಹೇಳುತ್ತಿದ್ದನೇ? ಒಂದು ದಿನ ಹೇಳುತ್ತಿದ್ದನೋ ಏನೋ. ಸಾಲದ ವಿಷಯವನ್ನು ಮುಖ ನೋಡಿ ಹೇಳುವುದು ಕಷ್ಟ; ನಡುವೆ ಒಂದು ಚಿತ್ರವಿದ್ದರೆ ಅದನ್ನು ನೋಡುತ್ತಾ ಹೇಳಬಹುದು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್‌ಶಾಕ್ 1921ರಲ್ಲಿ ಹತ್ತು ಶಾಯಿಕಲೆಗಳ ಎಲೆಗಳನ್ನು ಪ್ರಕಟಿಸಿದಾಗ ಹಿಡಿದ ದಾರಿಯೂ ಇದಕ್ಕೆ ಹತ್ತಿರದ್ದೇ: ಕಲೆಯಲ್ಲಿ ಏನೂ ಇಲ್ಲ, ನೋಡುವವನು ಏನು ಕಾಣುತ್ತಾನೆ ಎಂಬುದರಲ್ಲಿ ಇದೆ. ಅವರದು ವೈದ್ಯರ ಕೈಯ ಉಪಕರಣ, ಅದರ ಬಗ್ಗೆಯೂ ವಾದಗಳಿವೆ. ನಮ್ಮದು ಅಷ್ಟು ದೊಡ್ಡದೇನೂ ಅಲ್ಲ.

ಆದ್ದರಿಂದ ಎಲೆ ಎತ್ತುವ ಮೊದಲು ಪ್ರಶ್ನೆಯನ್ನು ಬರೆಯಿರಿ, ಬರೆದ ಮೇಲೆ ಅದನ್ನು ಒರೆಗೆ ಹಚ್ಚಿ. ‘ಆಗುತ್ತದೆಯೇ’, ‘ಬರುತ್ತಾನೆಯೇ’, ‘ಸಿಗುತ್ತದೆಯೇ’ ಎಂದು ಮುಗಿಯುವ ಪ್ರಶ್ನೆಗೆ ಉತ್ತರ ಎಲೆಯ ಬಳಿ ಇಲ್ಲ. ‘ನಾನು ಯಾವುದನ್ನು ನೋಡದೆ ದಾಟಿಹೋಗುತ್ತಿದ್ದೇನೆ’, ‘ಈ ಕೆಲಸವನ್ನು ಮುಂದಕ್ಕೆ ಹಾಕುವುದಕ್ಕೆ ನಾನೇ ಹೇಳಿಕೊಳ್ಳುವ ನೆಪ ಯಾವುದು’ ಎಂಬಂಥವಕ್ಕೆ ಉತ್ತರ ನಿಮ್ಮ ಬಳಿಯೇ ಇರುತ್ತದೆ; ಎಲೆ ಅದನ್ನು ಕೆದಕುತ್ತದೆ. ಮೂರು ಎಲೆ, ಹತ್ತು ಎಲೆ ಹಾಸುವ ವಿಧಾನಗಳು ಬೇಕಾದಷ್ಟಿವೆ. ನಾನು ಒಂದಕ್ಕಿಂತ ಹೆಚ್ಚು ಎತ್ತುವುದಿಲ್ಲ. ಹತ್ತು ಚಿತ್ರಗಳಿದ್ದರೆ ಯಾವುದಾದರೊಂದು ನಮಗೆ ಬೇಕಾದಂತೆ ಮಾತನಾಡಿಯೇ ತೀರುತ್ತದೆ.

ಕೆಲವು ಪ್ರಶ್ನೆಗಳನ್ನು ಕಾರ್ಡಿನ ಮುಂದೆ ಇಡಲೇಬಾರದು. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ತಿಂಗಳನ್ನು ಈ ಸಭೆಯಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಆ ವಾರ ನಮ್ಮ ಪರಿಚಯದ ಒಂದು ಮನೆಯಲ್ಲಿ, ಹೊರಡಬೇಕೋ ಬೇಡವೋ ಎಂದು ಹಿರಿಯರೊಬ್ಬರು ಮಗಳ ಕಾರ್ಡಿನ ಕಟ್ಟಿನಿಂದ ಎಲೆ ಎತ್ತಿಸಿದರು. ‘ಬೇರು’ ಬಂತು. ಬೇರು ಬಿಟ್ಟು ಹೋಗಬಾರದು ಎಂದು ಅರ್ಥ ಮಾಡಿ ಕುಳಿತರು. ಸೊಸೆ ಹಿತ್ತಿಲಿಗೆ ಹೋಗಿ ನೋಡಿ ಬಂದು, ಗುಡ್ಡದ ಬರೆಯ ಮೇಲೆ ಬೆರಳು ಹೋಗುವಷ್ಟು ಬಿರುಕು ಬಿಟ್ಟಿದೆ, ಒರತೆಯ ನೀರು ಕೆಂಪಾಗಿದೆ, ನಾನು ಮಕ್ಕಳನ್ನು ಕರೆದುಕೊಂಡು ಹೊರಟೆ, ಬರುವವರು ಬನ್ನಿ ಎಂದಳು. ಎಲ್ಲರೂ ಹೊರಟರು. ಆಮೇಲೆ ಮನೆ ಬಿತ್ತೋ ಉಳಿಯಿತೋ ಎಂಬುದನ್ನು ನಾನು ಬೇಕೆಂದೇ ಹೇಳುವುದಿಲ್ಲ, ಏಕೆಂದರೆ ಉಳಿದಿದ್ದರೆ ಎಲೆ ಗೆದ್ದಂತೆ, ಬಿದ್ದಿದ್ದರೆ ಸೋತಂತೆ ಎಂದು ಲೆಕ್ಕ ಹಾಕುವುದೇ ತಪ್ಪು. ಕಣಿ ಎಂದರೆ ನೋಟ ಎಂದೆನಲ್ಲ, ಆ ದಿನ ಕಣಿ ನೋಡಿದವಳು ಹಿತ್ತಿಲಿಗೆ ಹೋದವಳು. ಮಣ್ಣಿನ ಬಿರುಕು, ಎದೆನೋವು, ಕೋರ್ಟಿನ ವಾಯಿದೆ, ಮಗುವಿನ ಜ್ವರ ಇವುಗಳನ್ನು ನೋಡಬೇಕಾದವರು ಬೇರೆ ಇದ್ದಾರೆ.

ಬೇರೆಯವರಿಗೆ ಎಲೆ ನೋಡಿ ಹೇಳುವುದರ ಬಗ್ಗೆಯೂ ಒಂದು ಮಾತು. ಫೋನಿನಲ್ಲಿ, ಹಣ ತೆಗೆದುಕೊಂಡು, ಎಲೆ ನೋಡುವವರು ಈಗ ಬಹಳ ಮಂದಿ. ನನಗೆ ಆಗದಿರುವುದು ಒಂದೇ ಕ್ರಮ: ಮೊದಲು ಹೆದರಿಸುವುದು, ಆಮೇಲೆ ಹೆದರಿಕೆಗೆ ಪರಿಹಾರ ಮಾರುವುದು. ನಮ್ಮ ಬಂಧುವೊಬ್ಬರಿಗೆ ಹೀಗೆ ‘ಮನೆಯಲ್ಲಿ ಕಣ್ಣು ಬಿದ್ದಿದೆ’ ಎಂದು ಹೇಳಿದವರು ಮೂರು ತಿಂಗಳಲ್ಲಿ ಅವರ ಬಳೆಯೊಂದರ ಬೆಲೆಯನ್ನು ಕಿತ್ತುಕೊಂಡರು. ಅದರಲ್ಲಿ ಕಾರ್ಡಿನದೇನೂ ತಪ್ಪಿಲ್ಲ. ಕಾರ್ಡಿಲ್ಲದಿದ್ದರೆ ನಿಂಬೆಹಣ್ಣು ಇರುತ್ತಿತ್ತು.

ಈಗ ಮಳೆ ಪುಸ್ತಕ. ತೋಟವಿದ್ದ ಮನೆಗಳಲ್ಲಿ ಇದು ಇರುತ್ತದೆ. ದೊಡ್ಡಪ್ಪ ದಿನವೂ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಅಳೆಯುವ ಗಾಜಿಗೆ ಸುರಿದು, ಇಂಚು ಮತ್ತು ಸೆಂಟಿನಲ್ಲಿ ಬರೆಯುತ್ತಿದ್ದರು: ‘1-20’, ‘0-35’. ಮಾರ್ಚ್ ತಿಂಗಳ ಪುಟಗಳನ್ನು ನೋಡಿ. ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವ ದಿನಗಳಲ್ಲಿ ಇಡೀ ಪುಟ ‘ಇಲ್ಲ, ಇಲ್ಲ, ಇಲ್ಲ’ ಎಂದಿದೆ. ಚಿಕ್ಕವಳಿದ್ದಾಗ ಕೇಳಿದ್ದೆ, “ಮಳೆ ಬಾರದ ದಿನ ಯಾಕೆ ಬರೆಯುವುದು ದೊಡ್ಡಪ್ಪ?” ಎಂದು. “ಬಂದದ್ದು ಮಾತ್ರ ಬರೆದರೆ ದಿನಾ ಮಳೆ ಬಂದ ಹಾಗೆ ಕಾಣುತ್ತದೆ ಮಗಾ,” ಎಂದರು.

ಕಾರ್ಡಿನವರು ಮಾಡುವ ತಪ್ಪು ಅದೇ. ಹೊಂದಿದ ದಿನವನ್ನು ಹತ್ತು ಜನರಿಗೆ ಹೇಳುತ್ತೇವೆ, ಹೊಂದದ ದಿನವನ್ನು ಅಂದೇ ಮರೆಯುತ್ತೇವೆ. ವರ್ಷದ ಕೊನೆಗೆ ಎಲೆ ಎಂದೂ ತಪ್ಪಿಲ್ಲ ಎಂದು ತೋರುತ್ತದೆ. ನನ್ನ ಪುಸ್ತಕದಲ್ಲಿ ದಿನಾಂಕ, ಪ್ರಶ್ನೆ, ಎಲೆ, ನೋಡಿದ ಕೂಡಲೇ ತೋಚಿದ್ದು, ಇಷ್ಟು ಬರೆದು ಬಲಗಡೆ ಅಂಚನ್ನು ಖಾಲಿ ಬಿಡುತ್ತೇನೆ. ಮೂರು ತಿಂಗಳ ಮೇಲೆ ಓದಿ ಅಲ್ಲಿ ಬರೆಯುತ್ತೇನೆ. ಅರ್ಧಕ್ಕಿಂತ ಹೆಚ್ಚು ಕಡೆ ‘ಏನೂ ಹೊಳೆಯಲಿಲ್ಲ’ ಎಂದಿದೆ. ಕೆಲವು ಕಡೆ ‘ಸುಳ್ಳು ಬರೆದಿದ್ದೆ’ ಎಂದಿದೆ. ಹಾಗೆ ಓದುವಾಗ ಎಲೆಗಳಿಗಿಂತ ಹೆಚ್ಚಾಗಿ ಪ್ರಶ್ನೆಗಳು ಕಣ್ಣಿಗೆ ಬೀಳುತ್ತವೆ. ಒಂದು ವರ್ಷವಿಡೀ ನಾನು ಒಂದೇ ಪ್ರಶ್ನೆಯನ್ನು ಬೇರೆಬೇರೆ ವೇಷ ಹಾಕಿಸಿ ಕೇಳಿದ್ದು ನನಗೆ ತಿಳಿದದ್ದು ಹೀಗೆ.

ರಟ್ಟಿನ ಕಟ್ಟನ್ನು ಮಾಡಿಕೊಂಡದ್ದೇಕೆ ಎಂದು ಹಿಂದಿನ ಸಾಲಿನಿಂದ ಕೇಳಿದ್ದೀರಿ. ಕೊಂಡ ಕಟ್ಟಿನಲ್ಲಿ ತೋಳ ಬಂದರೆ, ಹಿಮ ಬಿದ್ದ ಪೈನ್ ಮರ ಬಂದರೆ, ನನ್ನ ಮನಸ್ಸಿನಲ್ಲಿ ಏನೂ ಕದಲುತ್ತಿರಲಿಲ್ಲ. ಕಣದಲ್ಲಿ ಹರಡಿದ ಕಾಫಿ, ಆನೆ ಕಂದಕ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ತೂಗುಸೇತುವೆ, ಮಂಜು, ಕದಿರು, ಮುರಿದ ಏಣಿ, ಜಿಗಣೆ, ಹೊಗೆ ಹಿಡಿದ ಅಟ್ಟ, ಇವು ಬಂದರೆ ಕೂಡಲೇ ಏನಾದರೂ ನೆನಪಾಗುತ್ತದೆ. ಕಾವೇರಮ್ಮನನ್ನಾಗಲಿ ಮನೆತನದ ಮೂಲಹಿರಿಯರಾದ ಗುರು ಕಾರೋಣರನ್ನಾಗಲಿ ನಾನು ಎಲೆಯಾಗಿ ಬರೆಯಲಿಲ್ಲ. ಅವರನ್ನು ಕಲಸಿ ಕೆಳಗೆ ಹಾಕುವುದು ನನ್ನ ಕೈಯಿಂದ ಆಗುವ ಕೆಲಸವಲ್ಲ. ಮಾಡಿಕೊಳ್ಳುವವರು ಅವರವರ ಅಂಗಳದಿಂದ ಆರಿಸಿಕೊಳ್ಳಲಿ. ಚಿತ್ರ ಚೆನ್ನಾಗಿ ಬರಬೇಕೆಂದಿಲ್ಲ. ನನ್ನ ಆನೆಯನ್ನು ನೋಡಿದ ಮೊಮ್ಮಗ ಹಂದಿ ಎಂದಿದ್ದಾನೆ.

ಕೊನೆಯದಾಗಿ ಒಬ್ಬರು, ನಮ್ಮ ಮಳೆಗಾಲದಲ್ಲಿ ಎಲೆಗಳನ್ನು ಕೆಡದಂತೆ ಇಡುವುದು ಹೇಗೆ ಎಂದು ಚೀಟಿ ಕಳುಹಿಸಿದ್ದಾರೆ. ಬಿಗಿ ಮುಚ್ಚಳದ ತಗಡಿನ ಡಬ್ಬಿ ಬೇಕು. ಒಂದು ಹಿಡಿ ಅಕ್ಕಿಯನ್ನು ಹುರಿದು, ಆರಿದ ಮೇಲೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಡಿ, ಹದಿನೈದು ದಿನಕ್ಕೊಮ್ಮೆ ಮತ್ತೆ ಹುರಿಯಿರಿ. ಒಲೆಯ ನೇರ ಮೇಲೆ ಇಡಬೇಡಿ, ಎಲೆಗಳು ಬಾಗುತ್ತವೆ. ಬಾಗಿದ ನನ್ನ ಸೇತುವೆಯನ್ನು ದಪ್ಪ ಪುಸ್ತಕಗಳ ಅಡಿಯಲ್ಲಿ ಒಂದು ಬೇಸಗೆಯೆಲ್ಲ ಇಟ್ಟು ನೋಡಿದೆ, ನೆಟ್ಟಗಾಗಲಿಲ್ಲ. ಕಟ್ಟಿಗೆ ಮತ್ತೆ ಸೇರಿಸಿದರೆ ಬೆರಳಿಗೆ ಅದೇ ಸಿಗುತ್ತದೆ. ಈಗ ಮಳೆ ಪುಸ್ತಕವನ್ನು ಬರೆಯುವವಳು ನಾನು. ಎಲ್ಲಿಯವರೆಗೆ ಬರೆದಿದೆ ಎಂಬ ಗುರುತಿಗೆ ಆ ಎಲೆಯನ್ನು ಅದರೊಳಗೆ ಇಟ್ಟಿದ್ದೇನೆ. ನೋಡಬೇಕೆನ್ನುವವರು ಮೇಜಿನ ಬಳಿ ಬನ್ನಿ. ಅಕ್ಕನೂ ಬಂದಿದ್ದಾಳೆ, ಎರಡನೆಯ ಸಾಲಿನಲ್ಲಿದ್ದಾಳೆ. ಬಳೆ ಅವಳ ಕೈಯಲ್ಲಿಯೇ ಇದೆ.